ನೀಲಿ ಹೂವಿನ ಚಿಂದಿಗೆ ಚಿಕಿತ್ಸೆ ಮಂಜೂರಾದದ್ದು

ಓಹಾಯೋದ ಹಾರ್ಲನ್ ಕ್ರೀಕ್ ವಾಯುನೆಲೆಯಲ್ಲಿದ್ದ ಸರಕು ವಿಮಾನ ಸಂಖ್ಯೆ 407ರ ಒಳಭಾಗವು ಸ್ವಚ್ಛವಾಗಿದೆ ಎಂಬುದಕ್ಕೆ ಸರ್ಕಾರದ ಬಳಿ ಎರಡು ಸಾವಿರದ ನೂರ ಹದಿನೆಂಟು ಸಹಿಗಳಿದ್ದವು. ಅಷ್ಟೂ ಸಹಿ ಡೆಲ್ಮರ್ ಸ್ಟಕಿ ಎಂಬ ಒಬ್ಬನೇ ಮನುಷ್ಯನವು. ಆತ ಹನ್ನೊಂದು ವರ್ಷ ಆ ವಿಮಾನದ ಮುಖ್ಯ ಮೆಕ್ಯಾನಿಕ್ ಆಗಿದ್ದ. ಪ್ರತಿ ಹಾರಾಟ ಮುಗಿದ ಮೇಲೆ ಒಳಗೆಲ್ಲ ಒರೆಸಿ, ಪುಸ್ತಕದಲ್ಲಿ ‘ಒಳಭಾಗ ಸ್ವಚ್ಛ’ ಎಂದು ಬರೆದು ಸಹಿ ಹಾಕುವುದು ನಿಯಮ. ಉಳಿದ ವಿಮಾನಗಳವರು ಒರೆಸದೆ ಸಹಿ ಹಾಕುತ್ತಿದ್ದರು. ಡೆಲ್ಮರ್ ಒರೆಸಿ ಸಹಿ ಹಾಕುತ್ತಿದ್ದ. ಕಾಯಿಲೆ ಬಿದ್ದದ್ದೂ ಅವನೇ.

407 ಮೊದಲು ವಿಯೆಟ್ನಾಮಿನಲ್ಲಿತ್ತು. ಅಲ್ಲಿ ಬೆಳಿಗ್ಗೆ ಕಾಡಿನ ಎಲೆ ಉದುರಿಸುವ ಔಷಧಿ, ಸಂಜೆ ಸೊಳ್ಳೆ ಕೊಲ್ಲುವ ಔಷಧಿ ಚಿಮುಕಿಸುವುದು ಅದರ ಕೆಲಸ. ಯುದ್ಧ ಮುಗಿದ ಮೇಲೆ ಔಷಧಿಯ ಟ್ಯಾಂಕು ಕಿತ್ತು, ಆಸನ ಜೋಡಿಸಿ ಊರಿಗೆ ಕಳಿಸಿದರು. ಬಿಸಿಲೇರಿದರೆ ಸಾಕು, ವಿಮಾನದ ಗೋಡೆ ಕಂದುಬಣ್ಣದ ಬೆವರು ಬಿಡುತ್ತಿತ್ತು. ವಾಸನೆ ತಡೆಯಲಾಗುತ್ತಿಲ್ಲವೆಂದು ಸಿಬ್ಬಂದಿ ದೂರು ಕೊಟ್ಟಾಗ ಮೇಲಧಿಕಾರಿಗಳು ತಕ್ಷಣ ಕ್ರಮ ಕೈಗೊಂಡು, ಪೈನ್ ಮರದ ಆಕಾರದ ಪರಿಮಳದ ರಟ್ಟು ಆರು ಡಜನ್ ಕಳಿಸಿಕೊಟ್ಟರು. ಡೆಲ್ಮರ್ ಅವನ್ನು ಸಾಲಾಗಿ ತೂಗುಹಾಕಿ, ಅದೇ ನೆಲದ ಮೇಲೆ ಕೂತು ಬೊಲೋನಾ ಸ್ಯಾಂಡ್‌ವಿಚ್ ತಿನ್ನುತ್ತಿದ್ದ.

ಈಗ ಅವನಿಗೆ ಅರವತ್ತೆರಡು. ಶ್ವಾಸಕೋಶ ಒಣಗುತ್ತ ಬಂದಿತ್ತು. ಒಂದು ವಾಕ್ಯ ಮುಗಿಸುವಷ್ಟು ಉಸಿರೂ ಸಾಲದೆ, ಅರ್ಧ ಅವನು ಹೇಳಿದರೆ ಉಳಿದರ್ಧ ಹೆಂಡತಿ ಲಿಯೋನಾ ಹೇಳುತ್ತಿದ್ದಳು. ಅವನಿಗೆ ಬೇಕಾದ ಚಿಕಿತ್ಸೆ ನಿವೃತ್ತ ಸೈನಿಕರ ಆಸ್ಪತ್ರೆಯಲ್ಲಿತ್ತು. ಆದರೆ ಕಾಯಿಲೆ ಸೇವೆಯಿಂದಲೇ ಬಂದದ್ದೆಂದು ರುಜುವಾತಾಗದೆ ಅಲ್ಲಿ ಒಳಗೆ ಬಿಡುವಂತಿರಲಿಲ್ಲ. ಡೆಲ್ಮರ್ ಅರ್ಜಿ ಹಾಕಿದ. ಎರಡು ಶಾಖೆಗಳಿಂದ ಎರಡು ಉತ್ತರ ಬಂದವು.

‘ತಮ್ಮ ಅರ್ಜಿಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ಸದರಿ ಔಷಧಿಯು ಕಳೆಗಳ ಮೇಲೆ ಮಾತ್ರ ಪರಿಣಾಮ ಬೀರಲು ಮಂಜೂರಾಗಿದ್ದು, ಅರ್ಜಿದಾರರು ಕಳೆಯಲ್ಲವೆಂದು ಕಂಡುಬಂದಿರುತ್ತದೆ’ ಎಂದು ಕಳೆನಾಶಕ ಶಾಖೆ ತಿಳಿಸಿತು. ಅರ್ಜಿದಾರರು ಕೀಟವಲ್ಲವೆಂದು ಕೀಟನಾಶಕ ಶಾಖೆ ತಿಳಿಸಿತು. ತಾವು ಕೀಟವೆಂದು ಸಾಬೀತುಪಡಿಸುವ ದಾಖಲೆಗಳಿದ್ದಲ್ಲಿ ಅರವತ್ತು ದಿನಗಳೊಳಗೆ ಸಲ್ಲಿಸಬಹುದೆಂದೂ ಅದರಲ್ಲಿತ್ತು.

ಲಿಯೋನಾ ಗಂಡನನ್ನು ಕಾರಿನಲ್ಲಿ ಕೂರಿಸಿಕೊಂಡು ಅರ್ಜಿ ವಿಭಾಗದ ಹ್ಯಾವರ್‌ಸ್ಟಿಕ್ ಎಂಬ ಅಧಿಕಾರಿಯ ಮುಂದೆ ಹೋಗಿ ನಿಂತಳು. ಆತ ತುಂಬ ಒಳ್ಳೆಯವನು, ಬಂದವರಿಗೆಲ್ಲ ಪೆಪ್ಪರ್‌ಮಿಂಟ್ ಕೊಡುತ್ತಿದ್ದ.

‘ವಿಮಾನ ಕೊಳಕಾಗಿತ್ತು ಅಂತೀರಿ. ಇಲ್ನೋಡಿ, ಸ್ವಚ್ಛ, ಸ್ವಚ್ಛ, ಸ್ವಚ್ಛ. ಇದು ಯಾರ ಸಹಿ?’

‘ನಂದೇ ಸಾರ್. ನಾನು ಒರೆಸಿದ್ಮೇಲೆ…’

‘ಒರೆಸಿದ್ಮೇಲೆ ಸ್ವಚ್ಛ ಆಯ್ತು. ಒರೆಸಿದ್ದು ಎಲ್ಲಿಗ್ರೀ ಹೋಯ್ತು? ಇವರ ಎದೆಗೇ ಹೋಯ್ತು’ ಎಂದು ಲಿಯೋನಾ ವಾಕ್ಯ ಮುಗಿಸಿದಳು.

‘ಅಮ್ಮಾ, ಸರ್ಕಾರ ನಿಮ್ಮ ಯಜಮಾನ್ರ ಮಾತನ್ನ ಎರಡು ಸಾವಿರದ ನೂರ ಹದಿನೆಂಟು ಸಲ ನಂಬಿದೆ. ಈಗ ಒಂದೇ ಒಂದು ಸಲ ನಂಬದೆ ಇರಿ ಅಂದ್ರೆ ಹೇಗೆ?’

ಆದರೂ ಆತ ಕರುಣೆಯಿಂದ 407ರ ಒಳಭಾಗವನ್ನು ಪರೀಕ್ಷಿಸಲು ಆದೇಶ ಮಾಡಿದ. ಗೋಡೆಯ ಒಂದು ಗೇಣು ಚೌಕವನ್ನು ದ್ರಾವಣದಲ್ಲಿ ಅದ್ದಿದ ಹತ್ತಿಬಟ್ಟೆಯಿಂದ ಒರೆಸಿ ಪ್ರಯೋಗಾಲಯಕ್ಕೆ ಕಳಿಸತಕ್ಕದ್ದು, ಮುಖ್ಯ ಮೆಕ್ಯಾನಿಕ್ ಸಾಕ್ಷಿಯಾಗಿ ಹಾಜರಿರತಕ್ಕದ್ದು, ಫಲಿತಾಂಶಕ್ಕೆ ಎಲ್ಲರೂ ಬದ್ಧರು ಎಂದು ಆದೇಶದಲ್ಲಿತ್ತು.

ಪರೀಕ್ಷೆ ಒಂಬತ್ತು ಗಂಟೆಗೆ. ಡೆಲ್ಮರ್ ಹಳೆಯ ಅಭ್ಯಾಸದಂತೆ ಏಳಕ್ಕೇ ಶೆಡ್ಡಿನಲ್ಲಿದ್ದ. ಹದಿಮೂರು ವರ್ಷದ ಮೇಲೆ ತನ್ನ ವಿಮಾನ ನೋಡಿ ಅವನ ಹೊಟ್ಟೆ ಉರಿದುಹೋಯಿತು. ಗೋಡೆಯ ಮೇಲೆ ಅಂಟು, ಅಂಟಿನ ಮೇಲೆ ಧೂಳು. ಇನ್ನೆರಡು ಗಂಟೆಗೆ ಕ್ಯಾಪ್ಟನ್ ದರ್ಜೆಯವರು ಬರುತ್ತಾರೆ! ಮುಖ್ಯ ಮೆಕ್ಯಾನಿಕ್ ಆದವನು ಮೇಲಿನವರಿಗೆ ವಿಮಾನವನ್ನು ಈ ಸ್ಥಿತಿಯಲ್ಲಿ ತೋರಿಸುವುದು ಹೇಗೆ? ಅವನ ಕೈ ತಾನಾಗಿ ಪ್ಯಾಂಟಿನ ಹಿಂಜೇಬಿಗೆ ಹೋಯಿತು. ಅಲ್ಲಿ ಲಿಯೋನಾಳ ಹಳೇ ಫ್ಲಾನೆಲ್ ನೈಟಿಯಿಂದ ಹರಿದ ನೀಲಿ ಹೂವಿನ ಚಿಂದಿಯಿತ್ತು. ಉಸಿರು ಸಿಕ್ಕಷ್ಟು ಉಸಿರಾಡುತ್ತ, ಬಾಗಿಲಿನಿಂದ ಬಾಲದವರೆಗೆ ಒರೆಸಿ ಪಳಪಳ ಮಾಡಿಟ್ಟ.

ಒಂಬತ್ತಕ್ಕೆ ಪರೀಕ್ಷಕಿ ಕ್ಯಾಪ್ಟನ್ ಫಿಚ್ ಬಂದಳು. ತಲೆಯಿಂದ ಕಾಲಿನವರೆಗೆ ಬಿಳಿ ರಕ್ಷಾ ಉಡುಪು, ಮುಖವಾಡ, ಒಂದರ ಮೇಲೊಂದು ಎರಡು ಜೊತೆ ಕೈಗವಸು. ಡೆಲ್ಮರ್ ಅರ್ಧ ತೋಳಿನ ಅಂಗಿಯಲ್ಲಿದ್ದ.

‘ನಂಗೂ ಒಂದು ಕೊಡ್ತೀರಾ ಮೇಡಂ?’

‘ಕೊಡ್ಬಹುದಿತ್ತು. ಆದ್ರೆ ಒಳಗೆ ಅಪಾಯ ಇಲ್ಲ ಅನ್ನೋದು ಸರ್ಕಾರದ ನಿಲುವು. ನಿಮಗೆ ಉಡುಪು ಕೊಟ್ರೆ ಪರೀಕ್ಷೆಗೆ ಮುಂಚೇನೇ ಫಲಿತಾಂಶ ಹೇಳ್ದಂಗಾಗತ್ತೆ.’

‘ಮತ್ತೆ ನೀವು ಹಾಕ್ಕೊಂಡಿದೀರಲ್ಲ?’

‘ಒಳಗೆ ಅಪಾಯ ಇದ್ಯಲ್ಲಾ, ಅದಕ್ಕೆ.’

ಫಲಿತಾಂಶ ಹತ್ತು ದಿನಕ್ಕೆ ಬಂತು. ವಿಮಾನದ ಒಳಭಾಗದಲ್ಲಿ ವಿಷ: ಸೊನ್ನೆ. ಸ್ವಚ್ಛತೆ: ಶ್ಲಾಘನೀಯ.

‘ಒರೆಸಿಬಿಟ್ಯಾ?’ ಎಂದು ಲಿಯೋನಾ ಕೇಳಿದಳು.

‘ಕ್ಯಾಪ್ಟನ್ ಬರ್ತಾರೆ ಅಂತ ಕಣೇ… ಹಾಗೇ ಬಿಟ್ರೆ…’

‘ಸಾಯಿ ಹಾಗಾದ್ರೆ, ಚೊಕ್ಕಟವಾಗಿ!’ ಎಂದವಳೇ ಅಡುಗೆಮನೆಗೆ ಹೋಗಿ ಜೋರಾಗಿ ಅತ್ತಳು. ನಾಲ್ಕು ವರ್ಷ ಅಲೆದು ಗಿಟ್ಟಿಸಿದ ಪರೀಕ್ಷೆ ಅದು. ಇನ್ನೊಂದು ನಡೆಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಡೆಲ್ಮರ್‌ಗೆ ತನ್ನ ಕೈಗಳನ್ನು ನೋಡಿಕೊಳ್ಳಲೂ ನಾಚಿಕೆಯಾಯಿತು.

ಅತ್ತು ಮುಗಿಸಿ ಲಿಯೋನಾ ಆ ಚಿಂದಿಯನ್ನು ಉಪ್ಪಿನಕಾಯಿ ಜಾಡಿಗೆ ತುರುಕಿ, ಮುಚ್ಚಳ ಬಿಗಿದು, ನೆಟ್ಟಗೆ ಹೋಗಿ ಕ್ಯಾಪ್ಟನ್ ಫಿಚ್ ಮೇಜಿನ ಮೇಲಿಟ್ಟಳು. ‘ವಿಮಾನ ಇದರಲ್ಲಿದೆ, ಪರೀಕ್ಷೆ ಮಾಡಿ’ ಎಂದಳು. ಪ್ರಯೋಗಾಲಯದ ಯಂತ್ರ ಅಂಕಿ ತೋರಿಸಲಾಗದೆ ಮೂರು ಸಲ ಕೆಟ್ಟಿತು. ನಾಲ್ಕನೇ ಸಲ ತೋರಿಸಿದ ಅಂಕಿ ನೋಡಿ ಅಲ್ಲಿನವರು ಊಟಕ್ಕೆ ಹೋದವರು ವಾಪಸು ಬರಲಿಲ್ಲ.

ಹ್ಯಾವರ್‌ಸ್ಟಿಕ್ ವರದಿಯನ್ನು ಎರಡು ಬಾರಿ ಓದಿದ. ಅವನ ಕಣ್ಣು ತುಂಬಿ ಬಂದವು.

‘ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಇಷ್ಟು ಸ್ಪಷ್ಟವಾದ ಕೇಸ್ ನೋಡಿಲ್ಲ. ವಿಷಸಂಪರ್ಕ ಸಾಬೀತಾಗಿದೆ. ಕರ್ತವ್ಯದಲ್ಲಿದ್ದಾಗಲೇ ಆಗಿದೆ. ಅಭಿನಂದನೆಗಳು! ಮಂಜೂರು ಮಾಡಿದೀನಿ.’

‘ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ. ಇವರು ಯಾವಾಗ ಆಸ್ಪತ್ರೆಗೆ ಸೇರ್ಬೇಕು?’

‘ಇವರಲ್ಲಮ್ಮಾ. ಚಿಂದಿ.’

ನಿಯಮ ಸರಳವಾಗಿತ್ತು. ವಿಮಾನದ ಸೇವೆಯಲ್ಲಿದ್ದು ವಿಷಸಂಪರ್ಕಕ್ಕೆ ಒಳಗಾದ ‘ಯಾವುದೇ ಘಟಕ’ಕ್ಕೆ ಆಸ್ಪತ್ರೆಯಲ್ಲಿ ಆಜೀವ ಆರೈಕೆ ಉಂಟು. ಡೆಲ್ಮರ್‌ನ ಸಂಪರ್ಕಕ್ಕೆ ಪುರಾವೆಯಿರಲಿಲ್ಲ, ಚಿಂದಿಗಿತ್ತು. ಕೂಡಲೇ ಚಿಂದಿಯ ಹೆಸರಿನಲ್ಲಿ ಕಡತ ತೆರೆಯಲಾಯಿತು. ಹುಟ್ಟಿದ ಸ್ಥಳ ಯಾವುದೆಂದು ಕೇಳಿದಾಗ ಲಿಯೋನಾ ತನ್ನ ಬೀರುವಿನ ಕೆಳಗಿನ ಖಾನೆಯನ್ನು ಬರೆಸಿದಳು. ರೋಗಿಯು ಸ್ವತಃ ನಡೆಯಲಾರದ್ದರಿಂದ ಒಬ್ಬ ಸಹಾಯಕ ಜೊತೆಗಿರಲು ಅನುಮತಿ ದೊರೆಯಿತು. ಹಾಗೆ ಡೆಲ್ಮರ್ ಸ್ಟಕಿ, ಎದೆಗೆ ಜಾಡಿ ಅವಚಿಕೊಂಡು, ಆಸ್ಪತ್ರೆಯ ಒಳಗೆ ಕಾಲಿಟ್ಟ.

ಡಾಕ್ಟರು ಕಟ್ಟುನಿಟ್ಟಿನ ಮನುಷ್ಯ. ‘ಉಸಿರಿನ ಪ್ರಮಾಣ ಅಂತ ಒಂದು ಕಾಲಂ ಇದೆ. ಖಾಲಿ ಬಿಡೋ ಹಾಗಿಲ್ಲ. ಇದು ಊದುತ್ತಾ?’

‘ಇಲ್ಲ ಸಾರ್. ಮೊದಲಿಂದ್ಲೂ ಸ್ವಲ್ಪ ನಾಚಿಕೆ.’

‘ರೋಗಿ ಅಶಕ್ತ ಆಗಿದ್ರೆ ಸಹಾಯಕರು ಪರವಾಗಿ ಊದಬಹುದು ಅಂತಿದೆ. ಊದಿ.’

ಡೆಲ್ಮರ್ ಊದಿದ. ಚಿಂದಿಯ ಶ್ವಾಸಕೋಶ ನೂರಕ್ಕೆ ನಲವತ್ತೊಂದು ಪಾಲು ಮಾತ್ರ ಕೆಲಸ ಮಾಡುತ್ತಿದೆಯೆಂದು ಡಾಕ್ಟರು ಗಂಭೀರವಾಗಿ ಬರೆದುಕೊಂಡರು. ಚಿಂದಿಗೆ ಮಾತ್ರೆ, ಆಮ್ಲಜನಕದ ಸಿಲಿಂಡರು, ವಾರಕ್ಕೆರಡು ವ್ಯಾಯಾಮ ಬರೆದುಕೊಟ್ಟರು. ರೋಗಿ ನುಂಗಲಾರದ ಮಾತ್ರೆಯನ್ನು ಸಹಾಯಕರು ನುಂಗತಕ್ಕದ್ದೆಂದು ನಿಯಮದಲ್ಲೇ ಇತ್ತು. ಎರಡು ತಿಂಗಳಲ್ಲಿ ಚಿಂದಿ ಐವತ್ತೆರಡಕ್ಕೆ ಏರಿತು. ಲಿಯೋನಾ ಮನೆಯಲ್ಲಿ ಕೇಕ್ ಮಾಡಿದಳು.

ಸುದ್ದಿ ಹರಡಿತು. 407ರ ಹಳೇ ಪೈಲಟ್ ಆರಿನ್ ಬೀಸ್ಲಿ ಫೋನಿನಲ್ಲಿ ಐದು ನಿಮಿಷ ಬರೀ ಕೆಮ್ಮಿ, ಕೊನೆಗೆ, ‘ಡೆಲ್, ನಿನ್ನ ಚಿಂದೀಲಿ ನಂಗೊಂದು ಮೂಲೆ ಸಿಗುತ್ತೇನೋ?’ ಎಂದ. ಡೆಲ್ಮರ್ ಅರ್ಜಿ ವಿಭಾಗದಲ್ಲಿ ವಿಚಾರಿಸಿದ. ಹರಿದ ತುಂಡು ಸ್ವತಂತ್ರ ರೋಗಿಯೆಂದೂ, ಅಳತೆ ಎರಡು ಅಂಗುಲ ಚೌಕಕ್ಕಿಂತ ಕಡಿಮೆಯಾದರೆ ಅದು ಚಿಂದಿಯಲ್ಲ, ಕಸವೆಂದೂ ಸ್ಪಷ್ಟೀಕರಣ ಬಂತು. ಹನ್ನೆರಡು ಜನ ಬಂದರು, ಹನ್ನೆರಡು ತುಂಡಾಯಿತು. ಬುಧವಾರ ಬೆಳಿಗ್ಗೆ ಆಸ್ಪತ್ರೆಯ ಹಜಾರದಲ್ಲಿ ಹದಿಮೂರು ಮುದುಕರು ಹದಿಮೂರು ಜಾಡಿ ಹಿಡಿದು, ಯಾರದ್ದು ಎಷ್ಟಕ್ಕೇರಿತು, ಯಾರದ್ದು ಇಳಿಯಿತು ಎಂದು ಹರಟುತ್ತಿದ್ದರು.

ಅಂಥ ಒಂದು ಬುಧವಾರ ಹೆಲ್ಗಾ ಎಂಬ ನಿವೃತ್ತ ಸೇನಾ ನರ್ಸ್ ಬಂದಳು. ಒಂಬತ್ತು ವರ್ಷ 407ರಲ್ಲಿ ಗಾಯಾಳುಗಳ ಜೊತೆ ಹಾರಿದವಳು.

‘ಜಾಡಿ ಎಲ್ಲಿ?’ ಎಂದು ಗುಮಾಸ್ತ ಕೇಳಿದ.

‘ಜಾಡಿಗೀಡಿ ಇಲ್ಲಪ್ಪಾ. ನಂಗೇ ಹುಷಾರಿಲ್ಲ.’

ಹದಿಮೂರು ತಲೆ ಅತ್ತ ತಿರುಗಿದವು. ಆರಿನ್ ಅವಳ ಹತ್ತಿರ ಬಗ್ಗಿ, ‘ಮೆಲ್ಲಗೆ ತಾಯೀ, ಯಾರಾದ್ರೂ ಕೇಳಿಸ್ಕೊಂಡಾರು. ಇಲ್ಲಿ ಹಾಗೆಲ್ಲ ಹೇಳ್ಬಾರ್ದು’ ಎಂದ.

ಎಲ್ಲರ ತುಂಡೂ ಎರಡಂಗುಲಕ್ಕೇ ನಿಂತಿತ್ತು. ಡೆಲ್ಮರ್‌ನದು ಮಾತ್ರ ಉದ್ದದಲ್ಲಿ ನಾಲ್ಕಂಗುಲ, ನೂಲಿನಷ್ಟು ಹೆಚ್ಚೂ ಇಲ್ಲ. ಕತ್ತರಿ ಒಂದಿಷ್ಟು ಓರೆಯಾದರೆ ಅವನದು ಕಸ, ನಾಳೆಯಿಂದ ಮಾತ್ರೆಯಿಲ್ಲ, ಸಿಲಿಂಡರಿಲ್ಲ. ಅವನಿಗೆ ಭಯವಾಯಿತು, ಬಹಳ ಭಯವಾಯಿತು. ಆದರೆ ಹೆಲ್ಗಾ ಕುರ್ಚಿಯ ತೋಳು ಹಿಡಿದು ಉಸಿರು ಹುಡುಕುತ್ತಿದ್ದಳು, ಅದು ಎಂಥ ಕಷ್ಟವೆಂದು ಅವನಿಗೆ ಗೊತ್ತಿತ್ತು. ಉಸಿರು ಬಿಗಿಹಿಡಿದು ಕತ್ತರಿಸಿದ. ಗುಮಾಸ್ತ ಅಳತೆಪಟ್ಟಿಯಿಟ್ಟು ಎರಡನ್ನೂ ಮೂರು ಸಲ ಅಳೆದು, ‘ಸರಿಯಾಗಿದೆ’ ಎಂದು ಮುದ್ರೆ ಒತ್ತಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಲ್ಗಾ ಯಾರೋ ಕೊಟ್ಟ ಖಾಲಿ ಜಾಡಿಯಲ್ಲಿ ತನ್ನ ರೋಗಿಯನ್ನಿಟ್ಟುಕೊಂಡು ಒಳಗೆ ಹೋದಳು.

ಅಷ್ಟರಲ್ಲಿ ಹ್ಯಾವರ್‌ಸ್ಟಿಕ್ ತಪಾಸಣೆಗೆ ಬಂದ. ಎಲ್ಲರಿಗೂ ಪೆಪ್ಪರ್‌ಮಿಂಟ್ ಹಂಚಿ, ಡೆಲ್ಮರ್‌ನ ಜಾಡಿ ಎತ್ತಿ ಬೆಳಕಿಗೆ ಹಿಡಿದ.

‘ತುಂಬ ಇಳಿದುಹೋಗಿದೆಯಲ್ಲಾ ಪಾಪ. ಮತ್ತೆ ನೀವು ಹೇಗಿದೀರಿ?’

‘ನಂಗೇನಾಗಿದೆ ಸಾರ್’ ಎಂದ ಡೆಲ್ಮರ್. ‘ನಿಮ್ಮ ಕಡತದ ಪ್ರಕಾರ ಗುಂಡುಕಲ್ಲು.’

‘ನೋಡಿ, ಆರೋಗ್ಯವಂತರು ಹೀಗೆ ರೋಗಿಗಳ ಸೇವೆ ಮಾಡ್ಬೇಕು’ ಎಂದು ಹ್ಯಾವರ್‌ಸ್ಟಿಕ್ ಹಜಾರಕ್ಕೆಲ್ಲ ಕೇಳುವಂತೆ ಹೇಳಿದ. ಮುದುಕರೆಲ್ಲ ತಲೆದೂಗಿದರು.

ಡೆಲ್ಮರ್ ಏನೋ ಹೇಳಲು ಹೋಗಿ ಕೆಮ್ಮತೊಡಗಿದ. ಕೆಮ್ಮಿ ಕೆಮ್ಮಿ ಎರಡಾಗಿ ಬಗ್ಗಿದ. ಅಕ್ಕಪಕ್ಕದವರು ಓಡಿಬಂದು, ಅವನ ಕೈಯಿಂದ ಜಾಡಿಯನ್ನು ಹುಷಾರಾಗಿ ತೆಗೆದುಕೊಂಡು, ‘ಅಯ್ಯೋ, ಇವತ್ತು ಇದಕ್ಕೆ ಜಾಸ್ತಿಯಾಗಿದೆ’ ಎಂದು ಅದರ ಮುಚ್ಚಳ ಸವರಿದರು.