ತಾತನ ಕಿವಿ, ಮೊಮ್ಮಗನ ಪ್ರಸಂಗ

ಮಕ್ಕಳಿಗೆ ದೇವರ ವಿಷಯ ಹೇಳಿಕೊಡೋಣ ಅಂತ ಕೂತವರು ಗಂಭೀರವಾಗೇ ಎದ್ದಿದ್ದನ್ನು ನಾನು ಕಂಡಿಲ್ಲ. ನಮ್ಮ ಮನೆಯಲ್ಲಂತೂ ಏನಾದರೊಂದು ಆಗುತ್ತಲೇ ಇರುತ್ತದೆ.

ನಮ್ಮದು ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸ್‌ನಲ್ಲಿ, ಗಣಿ ಕೆಲಸಗಾರರಿಗೆ ಸಾಲಾಗಿ ಕಟ್ಟಿಸಿದ್ದ ಹಳೇ ಲೈನಿನ ಮನೆ. ಇರುವವರು ನಾನು, ನಮ್ಮ ಯಜಮಾನರು. ಮಗಳು ಬಂಗಾರಪೇಟೆಯಲ್ಲಿ ನರ್ಸು. ಶನಿವಾರ, ಭಾನುವಾರ ಅವಳಿಗೆ ಡ್ಯೂಟಿ ಜಾಸ್ತಿ ಅಂತ ಮೊಮ್ಮಕ್ಕಳಿಬ್ಬರೂ ಶನಿವಾರ ಸಂಜೆಯ ರೈಲಿಗೆ ನಮ್ಮಲ್ಲಿಗೆ ಬರುತ್ತಾರೆ. ಮೊಮ್ಮಗಳು ಒಂದನೇ ಕ್ಲಾಸು, ಮೊಮ್ಮಗ ಪಿಯುಸಿ. ನಮ್ಮ ನಂಬಿಕೆ ಈ ಮಕ್ಕಳಿಗೂ ದಾಟಲಿ ಅನ್ನೋದು ನಮ್ಮಿಬ್ಬರ ಆಸೆ. ಹೇಗೆ ದಾಟುತ್ತದೆ ಅನ್ನೋದು ಮಾತ್ರ ನಮ್ಮ ಕೈಲಿಲ್ಲ.

ಯಾವ ಭಾಷೆ?

ನಾನು ಪ್ರಾರ್ಥನೆ ಮಾಡೋದು ಕನ್ನಡದಲ್ಲಿ. ಯಜಮಾನರು ತಮಿಳಿನಲ್ಲಿ. ಪಕ್ಕದ ಮನೆಯಾಕೆ ತೆಲುಗಿನಲ್ಲಿ, ಅದೂ ಗೋಡೆ ಅದುರೋ ಹಾಗೆ. ಒಂದು ಭಾನುವಾರ ಬೆಳಿಗ್ಗೆ ಮೂರೂ ಒಟ್ಟಿಗೆ ನಡೆಯುತ್ತಿದ್ದಾಗ ಮೊಮ್ಮಗಳು ನನ್ನ ಸೆರಗು ಎಳೆದಳು.

"ಅಜ್ಜೀ, ಯೇಸಪ್ಪಂಗೆ ಎಲ್ಲಾ ಭಾಷೆನೂ ಬತ್ತದಾ?"

"ಎಲ್ಲಾ ಬತ್ತದೆ ಕಂದ."

"ಇಂಗ್ಲಿಷೂ?"

"ಅದೂ ಬತ್ತದೆ."

ಕೂಡಲೇ ಎದ್ದು ಹೋದಳು. ಬ್ಯಾಗಿನಿಂದ ಇಂಗ್ಲಿಷ್ ಹೋಮ್‌ವರ್ಕ್ ತಂದು ಯೇಸುವಿನ ಪಟದ ಕೆಳಗಿಟ್ಟು ಕೈಮುಗಿದಳು. "ನಾಳೆ ಬೆಳಿಗ್ಗೆ ಒಳಗೆ ಮುಗಿಸ್ಬಿಡಪ್ಪಾ. ಇಲ್ಲಾಂದ್ರೆ ಮಿಸ್ ಬೈತಾರೆ."

ಮಿಕ್ಕ ಕುರಿಗಳ ಗತಿ

ಚರ್ಚಿನಲ್ಲಿ ಭಾನುವಾರ ಚಿಕ್ಕ ಮಕ್ಕಳಿಗೆ ಕಥೆ ಹೇಳೋದು ನನ್ನ ಕೆಲಸ. ಅವತ್ತು ಕಳೆದುಹೋದ ಕುರಿಯ ಕಥೆ. ಕುರುಬ ಮಿಕ್ಕ ಕುರಿಗಳನ್ನೆಲ್ಲ ಬಿಟ್ಟು ಆ ಒಂದನ್ನು ಹುಡುಕಿಕೊಂಡು ಹೋದ, ದೇವರ ಪ್ರೀತಿಯೂ ಹಂಗೇ ಅಂತ ನಾನು ಮೈಮರೆತು ಹೇಳುತ್ತಿದ್ದೆ. ಕುರಿ, ಹಸು ಸಾಕೋ ಮನೆಯ ಹುಡುಗಿಯೊಬ್ಬಳು ಕೈ ಎತ್ತಿದಳು.

"ಅಷ್ಟೊತ್ಗೆ ಮಿಕ್ಕ ಕುರಿ ಎಲ್ಲಾ ಯಾರ್ದೋ ರಾಗಿ ಒಲಕ್ಕೆ ನುಗ್ಗಿರ್ತವೆ ಮಿಸ್. ಜಗಳಕ್ಕೆ ಬಂದೋರ್ಗೆ ಯಾರು ಉತ್ರ ಕೊಡ್ತಾರೆ?"

ನಾನು ಇಷ್ಟು ವರ್ಷದಲ್ಲಿ ಆ ಹೊಲದ ಬಗ್ಗೆ ಯೋಚನೆಯನ್ನೇ ಮಾಡಿರಲಿಲ್ಲ. ಅಷ್ಟರಲ್ಲಿ ನನ್ನ ಮೊಮ್ಮಗಳು ಎದ್ದು ಸಮಾಧಾನ ಹೇಳಿದಳು. "ಅವನ ಹೆಂಡ್ತಿ ನೋಡ್ಕೋತಾಳೆ ಕಣೇ. ನಮ್ ತಾತ ಊರೆಲ್ಲಾ ಸುತ್ತೋವಾಗ ಜಗಳಕ್ಕೆ ಬರೋರ್ಗೆಲ್ಲಾ ಅಜ್ಜಿನೇ ತಾನೇ ಉತ್ರ ಕೊಡೋದು?"

ಊಟದ ಪ್ರಾರ್ಥನೆ

ನಮ್ಮ ಯಜಮಾನರು ಊಟಕ್ಕೆ ಮುಂಚೆ ಕಣ್ಣು ಮುಚ್ಚಿದರೆ ಬೇಗ ತೆರೆಯುವವರಲ್ಲ. ಮೊದಲು ಮನೆಯವರು, ಆಮೇಲೆ ಲೈನಿನ ಕಾಯಿಲೆಯವರು, ಅವರ ಜೊತೆ ಗಣಿಗೆ ಇಳಿದವರು, ಅವರ ಮಕ್ಕಳು, ಕೊನೆಗೆ ಆಂಡರ್ಸನ್‌ಪೇಟೆಯ ಆಟೋದವರು. ಒಂದು ಭಾನುವಾರ ಬಿರಿಯಾನಿ ತಟ್ಟೆಯಲ್ಲಿ ಆರುತ್ತಿತ್ತು. ಪ್ರಾರ್ಥನೆ ಇನ್ನೂ ಆಟೋ ಸ್ಟ್ಯಾಂಡ್ ತಲುಪಿರಲಿಲ್ಲ. ಒಂದು ಕಣ್ಣು ತೆರೆದು ಕೋಳಿ ಕಾಲನ್ನೇ ಕಾಯುತ್ತಿದ್ದ ಮೊಮ್ಮಗಳು ತಡೆಯಲಾರದೆ ಹೇಳಿಬಿಟ್ಟಳು.

"ತಾತಾ, ಊಟಕ್ಕೆ ಈಗ ಪ್ರಾರ್ಥನೆ ಮಾಡು. ಊರಿಗೆ ಆಮೇಲೆ ಮಾಡೀವಂತೆ."

ಯಜಮಾನರು ನಗು ತಡೆದುಕೊಂಡು ಅಲ್ಲಿಗೇ ಆಮೆನ್ ಅಂದರು. ಅಂದಿನಿಂದ ಊರಿನ ಪ್ರಾರ್ಥನೆ ಅಡಿಗೆ ಆಗುತ್ತಿರುವಾಗಲೇ ನಡೆಯುತ್ತದೆ. ಮೊಮ್ಮಗಳು ತಾನಾಗಿ ತಾತನ ತೊಡೆ ಮೇಲೆ ಕೂತು, ಪಟ್ಟಿಯಲ್ಲಿ ಬಿಟ್ಟುಹೋದವರನ್ನು ನೆನಪಿಸುತ್ತಾಳೆ. ಮೊನ್ನೆ ಕಟುಕನ ಅಂಗಡಿಯ ನಾಯಿಗೂ ಪ್ರಾರ್ಥನೆ ಆಯಿತು. ಕೋಳಿಗೆ ಮಾಡೋಣ ಅಂದಿದ್ದಕ್ಕೆ ತಾತ, "ತಡ ಆಯ್ತು ಕಂದ" ಅಂದರು.

ಪಕ್ಕದಲ್ಲಿ ಕೂತು ಹೇಳು

ಮೊಮ್ಮಗ ಪಿಯುಸಿ ಸೇರಿದ ಮೇಲೆ ಚರ್ಚಿಗೆ ಬರೋದನ್ನೇ ನಿಲ್ಲಿಸಿದ. "ಅಯ್ಯನೋರ ಪ್ರಸಂಗ ಉದ್ದ ಅಜ್ಜಿ, ಕೂರಕ್ಕಾಗಲ್ಲ" ಅಂದ. ನಮ್ಮ ಪಾಸ್ಟರನ್ನು ನಾವೆಲ್ಲ ಅಯ್ಯನೋರು ಅಂತಲೇ ಕರೆಯೋದು, ಅವರ ಉಪದೇಶವನ್ನು ಪ್ರಸಂಗ ಅಂತ. ಮಗಳು ಬೈದಳು. ನಾನು ಅತ್ತುಬಿಟ್ಟೆ. ಇವನು ನಮ್ಮ ಕೈತಪ್ಪಿ ಹೋದನೇನೋ ಅಂತ ನಿಜವಾಗಲೂ ಭಯವಾಗಿತ್ತು. ಯಜಮಾನರು ಮಾತ್ರ ಮುಂದಿನ ಭಾನುವಾರ ಕಾಫಿ ಕುಡಿಯುತ್ತಾ ಅವನನ್ನು ಹತ್ತಿರ ಕರೆದರು.

"ಲೇ, ಗಣೀಲಿ ಸಿಡಿಮದ್ದಿನ ಸದ್ದು ಕೇಳಿ ಕೇಳಿ ನನ್ ಕಿವಿ ಪೂರ್ತಿ ಓಯ್ತು ಕಣ್ಲಾ. ಅಯ್ಯನೋರು ಏನ್ ಏಳ್ತಾರೋ ಒಂದೂ ತಿಳಿಯಾಕಿಲ್ಲ. ಪಕ್ಕದಲ್ಲಿ ಕೂತು ಕಿವೀಲಿ ಏಳ್ತೀಯಾ? ಇಲ್ಲಾಂದ್ರೆ ನಾನೂ ಮನೇಲೇ ಇರ್ತೀನಿ, ಬಿಡು."

ಇವನಿಗೆ ಸೈಕಲ್ ಹೊಡೆಯೋದು ಕಲಿಸಿದ್ದು ತಾತ. ಜ್ವರ ಬಂದಾಗ ಹೆಗಲ ಮೇಲೆ ಹೊತ್ತು ಓಡಾಡಿದ್ದೂ ತಾತ. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ, ಹೊರಟ.

ಕಿವಿಯಲ್ಲಿ ಹೇಳಬೇಕಾದರೆ ತಾನು ಕೇಳಲೇಬೇಕಲ್ಲ? ವಾರವಾರವೂ ಕಿವಿಗೊಟ್ಟು ಕೇಳಿದ, ತಾತನಿಗೆ ಹೇಳಿದ. ಒಂದು ಭಾನುವಾರ ಕರೆಂಟು ಹೋಗಿ ಫ್ಯಾನ್, ಮೈಕು ಎಲ್ಲಾ ಒಟ್ಟಿಗೆ ನಿಂತವು. ಆ ನಿಶ್ಶಬ್ದದಲ್ಲಿ ಇವನ ಧ್ವನಿ ಮೊಳಗಿತು.

"ತಾತಾ! ಅಯ್ಯನೋರು ಆಗ್ಲಿಂದ ಏಳ್ತಿರೋದು ಒಂದೇ ಮಾತು! ಮನೇಲಿ ಸಿಡುಕಬೇಡಿ ಅಂತ!"

ಅಯ್ಯನೋರು ಪುಸ್ತಕ ಮುಚ್ಚಿದರು. "ತಮ್ಮ ನನಗಿಂತ ಚೆನ್ನಾಗಿ ಹೇಳಿದ. ಪ್ರಾರ್ಥನೆ ಮಾಡೋಣ." ಅವತ್ತು ಗೇಟಿನ ಹತ್ತಿರ ಜನ ಅಯ್ಯನೋರನ್ನು ಬಿಟ್ಟು ಇವನ ಕೈ ಕುಲುಕಿದರು.

ಮಗಳು ಅಪ್ಪನಿಗೆ ಕಿವಿ ಮಿಷನ್ ತಂದುಕೊಟ್ಟಳು. "ಗುಂಯ್ ಅಂತದೆ" ಅಂತ ಯಜಮಾನರು ಪೆಟ್ಟಿಗೆಯಲ್ಲಿಟ್ಟರು.

ಹೀಗಿರುವಾಗ ಒಂದು ಮಧ್ಯಾಹ್ನ ನಾನು ಅಡಿಗೆಮನೆಯಲ್ಲಿ ಪಕ್ಕದ ಮನೆಯಾಕೆಗೆ ಪಿಸುಗುಟ್ಟುತ್ತಿದ್ದೆ. "ಕಜ್ಜಾಯ ಮಿಕ್ಕಿದೆ, ತಗೊಂಡೋಗು. ನಮ್ಮೋರಿಗೆ ಸಕ್ಕರೆ ಕಾಯಿಲೆ, ಕಂಡ್ರೆ ಬಿಡಲ್ಲ."

ಬೀದಿ ಜಗುಲಿಯಿಂದ ಉತ್ತರ ಬಂತು. "ಒಂದ್ ನನಗೆ ಮಡಗು!"

ಓಡಿಹೋಗಿ ಕೇಳಿದೆ, "ಏನ್ರೀ, ನಿಮಗೆ ಕಿವಿ ಕೇಳ್ಸುತ್ತಾ?"

"ಆಂ? ಏನಂದೆ?"

ನನಗೆ ತಡೆಯಲಾಗಲಿಲ್ಲ. ಶನಿವಾರ ಮೊಮ್ಮಗ ಬಂದ ಕೂಡಲೇ ಹಿತ್ತಲಿಗೆ ಕರೆದುಕೊಂಡು ಹೋಗಿ, ಅವನ ಕಿವಿಗೆ ಬಾಯಿಟ್ಟು ಹೇಳಿದೆ. "ನಿಮ್ ತಾತನ ಕಿವಿ ಚೆನ್ನಾಗೇ ಐತೆ ಕಣೋ. ನಿನ್ನ ಚರ್ಚಿಗೆ ಕರ್ಕೊಂಡೋಗೋಕೆ ಆಡಿದ ನಾಟಕ." ಎಲ್ಲಿ ಕೋಪ ಮಾಡಿಕೊಳ್ಳುತ್ತಾನೋ ಅಂತ ಅವನ ಮುಖವನ್ನೇ ನೋಡಿದೆ.

ಅವನು ನಕ್ಕ. "ನಂಗೆ ಮೊದಲ್ನೇ ವಾರನೇ ಗೊತ್ತಾಯ್ತಜ್ಜಿ. ಅಯ್ಯನೋರು ಜೋಕ್ ಏಳಿದ್ರೆ, ನಾನು ಕಿವೀಲಿ ಏಳೋಕ್ ಮುಂಚೆನೇ ತಾತ ನಗ್ತಾನೆ."

"ಮತ್ಯಾಕೋ ವಾರವಾರ ಅಂಗೆ ಕಿರುಚ್ತೀಯ?"

ಅವನು ದನಿ ಇನ್ನೂ ತಗ್ಗಿಸಿದ. "ನಂಗೊತ್ತು ಅಂತ ತಾತಂಗೆ ಏಳ್ಬೇಡಜ್ಜಿ. ಪಾಪ, ಬೇಜಾರು ಮಾಡ್ಕೋತಾನೆ. ನಂಗೂ ಈಗ ಅವನ ಪಕ್ಕ ಕೂರೋದು ಇಷ್ಟ."

ನಾನು ಅವನ ತಲೆ ಸವರಿದೆ. ಅಷ್ಟರಲ್ಲಿ ಮನೆಯೊಳಗಿಂದ ಯಜಮಾನರು ಕೂಗಿದರು.

"ಇಬ್ರೂ ಅಲ್ಲೇನ್ ಪಿಸಪಿಸ ಅಂತಿದೀರಾ? ನಂಗೆ ಕಿವಿ ಕೇಳ್ಸಲ್ಲ ಅಂತ ಗೊತ್ತಿಲ್ವಾ? ಗಟ್ಟಿಯಾಗಿ ಮಾತಾಡ್ರೋ!"