ಐದು ಗಂಟೆಗೆ ಮುಗಿದವಳು

ನನ್ನ ಮಗಳಿಗೆ ಹನ್ನೊಂದು ತಿಂಗಳು. ಅವಳು ಹುಟ್ಟಿದ ಮೇಲೆ ನಾನು ಎರಡು ಸಲ ಶುರುವಾಗಿ ಒಂದು ಸಲ ಮುಗಿದಿದ್ದೆ. ಎರಡನೆಯ ಮುಕ್ತಾಯ ಹೋದ ಶುಕ್ರವಾರ ಸಂಜೆ ಐದಕ್ಕೆ ಇತ್ತು. ಗಾಬರಿಯಾಗಬೇಡಿ, ಗುತ್ತಿಗೆಯ ಮೇಲೆ ಕಂಪ್ಯೂಟರ್ ಕೆಲಸ ಮಾಡುವವರ ಜಾತಕವೇ ಹೀಗೆ. ಖಾಯಂ ನೌಕರರು ಜೀವನದಲ್ಲಿ ಒಮ್ಮೆ ನಿವೃತ್ತರಾಗುತ್ತಾರೆ. ನಾವು ಮೂರು ತಿಂಗಳಿಗೊಮ್ಮೆ, ಭಾಷಣವಿಲ್ಲದೆ.

ಕೊನೆಯ ವಾರ ಬಂದಾಗ ಸಾಹೇಬರನ್ನು ಕೇಳಿದರೆ "ರಿನ್ಯೂವಲ್ ಆಗ್ತಾ ಇದೆ" ಎನ್ನುತ್ತಾರೆ. ಹೋದ ಸಲ ಅದು ಹತ್ತೊಂಬತ್ತು ದಿನ ಆಗುತ್ತಲೇ ಇತ್ತು. ಆಗ ಹೇಗೋ ಸಹಿಸಿಕೊಂಡೆ. ಈ ಸಲ ಹಾಗಿರಲಿಲ್ಲ. ಮಗಳನ್ನು ಬಿಡುವ ಡೇಕೇರಿನ ಅಕ್ಕ ಬಾಗಿಲಲ್ಲೇ ತಡೆದು ಶಾಸನ ಓದಿದ್ದಳು: "ಕೆಲಸಕ್ಕೆ ಹೋಗೋರ ಮಕ್ಕಳಿಗೆ ಮಾತ್ರ ಸೀಟು ಕಣಮ್ಮ. ಶುಕ್ರವಾರ ಆರರೊಳಗೆ ಹೊಸ ಪತ್ರ ತೋರ್ಸಿ. ಇಲ್ಲಾಂದ್ರೆ ಏಳು ಮಕ್ಕಳು ಕಾಯ್ತಾ ಇದಾವೆ, ನಾನೇನ್ ಮಾಡ್ಲಿ?" ಪತ್ರವಿಲ್ಲದೆ ಸೀಟು ಇಲ್ಲ. ಸೀಟಿಲ್ಲದೆ ನಾನು ಇಲ್ಲಿಗಷ್ಟೇ ಅಲ್ಲ, ಯಾವ ಕೆಲಸಕ್ಕೂ ಹೋಗುವಂತಿಲ್ಲ.

ಬುಧವಾರ ಬೆಳಿಗ್ಗೆ ಯಜಮಾನರು ಉಪದೇಶಕ್ಕೆ ಕೂತರು. (ಅವರು ನಕ್ಷೆ ಬರೆಯುವ ಕಚೇರಿಯಲ್ಲಿ ಹನ್ನೊಂದು ವರ್ಷದಿಂದ ಒಂದೇ ಕುರ್ಚಿ ಕಾಯುತ್ತಿದ್ದಾರೆ.)

"ನೀನು ಕೊಟ್ಟಿದ್ದನ್ನೆಲ್ಲಾ ಮುಗಿಸಿಬಿಡ್ತೀಯ ಕಣೇ. ಅದೇ ನಿನ್ನ ಕಾಯಿಲೆ."

"ಮುಗಿಸೋಕೆ ತಾನೇ ನನ್ನ ಇಟ್ಕೊಂಡಿರೋದು?"

"ಮುಗಿದ್ಮೇಲೆ ಯಾಕೆ ಇಟ್ಕೋತಾರೆ? ನನ್ನ ನೋಡು. ದಿನಾ ಒಂದು ಗೆರೆ ಬಾಕಿ ಇಟ್ಟೇ ಮನೆಗೆ ಬರೋದು."

"ಗೊತ್ತು ಬಿಡ್ರೀ. ಮನೇಲೂ ಅದೇ ಕತೆ ಅಲ್ವಾ? ಆ ಗೋಡೆಗೆ ಮೊಳೆ ಹೊಡೀತೀನಿ ಅಂದು ವರ್ಷ ಆಯ್ತು."

"ಅದಕ್ಕೇ ನೀನು ನನ್ನ ಇನ್ನೂ ಇಟ್ಕೊಂಡಿದೀಯ."

ಬೈಯಲು ಬಾಯಿ ತೆರೆದೆ, ಆದರೆ ಮಾತು ಮನಸ್ಸಿಗೆ ಹೊಕ್ಕುಬಿಟ್ಟಿತು.

ನನ್ನ ಕೆಲಸವೇನೆಂದು ಹೇಳಬೇಕು. ನಮ್ಮ ಆಫೀಸಿನ ಬಾಗಿಲುಗಳು ಕಾರ್ಡು ಹಚ್ಚಿದರೆ ತೆರೆಯುತ್ತವೆ. ಗುತ್ತಿಗೆ ಮುಗಿದವರು ಕೂಡ ವಾರಗಟ್ಟಲೆ ಬಂದು ಆಫೀಸಿನ ಕಾಫಿ ಕುಡಿದು ಹೋಗುತ್ತಿದ್ದರಂತೆ. ಅವಧಿ ಮುಗಿದ ಗಳಿಗೆಗೇ ಕಾರ್ಡು ಸಾಯಬೇಕು, ಹೊಸ ಅವಧಿ ಶುರುವಾದ ಗಳಿಗೆಗೇ ಬದುಕಬೇಕು. ಅಂಥ ಒಂದು ಪ್ರೋಗ್ರಾಮ್ ಬರೆಯುವುದು ನನ್ನ ಪಾಲಿನ ಘನಕಾರ್ಯ. ಗುರುವಾರ ಎಲ್ಲ ಮುಗಿಯಿತು, ಬಾಗಿಲುಗಳಿಗೆ ಜೋಡಿಸಿದ್ದೂ ಆಯಿತು. ಮುಗಿಯಿತು ಎನ್ನದೆ, ಯಜಮಾನರನ್ನು ನೆನೆದು, ಒಂದು ಪರೀಕ್ಷೆಯನ್ನು ಮಾತ್ರ ಬಾಕಿ ಇಟ್ಟೆ. "ಅವಧಿ ಮುಗಿದವರಿಗೆ ಬಾಗಿಲು ನಿಜಕ್ಕೂ ಮುಚ್ಚುತ್ತದೆಯೇ? ಇದಕ್ಕೆ ಅವಧಿ ಮುಗಿದ ವ್ಯಕ್ತಿಯೊಬ್ಬರು ಬೇಕು. ಸೋಮವಾರ ಹುಡುಕಿ ಮಾಡಲಾಗುವುದು" ಎಂದು ಪರೀಕ್ಷೆಯ ಹಾಳೆಯಲ್ಲಿ ಬರೆದೆ. ಸೋಮವಾರ ಮಾಡಬೇಕಾದರೆ ಸೋಮವಾರ ನಾನಿರಬೇಕಲ್ಲ? ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಶುಕ್ರವಾರ ಮಧ್ಯಾಹ್ನ ಸಾಹೇಬರನ್ನು ಕೇಳಿದೆ. "ಒಂದು ಸಹಿ ಬಾಕಿ, ಅಷ್ಟೇ" ಎಂದರು. ನಾಲ್ಕಕ್ಕೆ ಕೇಳಿದಾಗಲೂ ಅದೇ ಸಹಿ ಬಾಕಿಯಿತ್ತು.

ನಾಲ್ಕೂ ಮುಕ್ಕಾಲಿಗೆ ಎದೆ ಭಾರವಾಗಿ ಆಫೀಸಿನ ಬಾಗಿಲಾಚೆ, ಲಿಫ್ಟಿನ ಪಕ್ಕದ ತಾಯಂದಿರ ಕೋಣೆಗೆ ಹೋದೆ. ಕಿಟಕಿಯಿಲ್ಲದ ಕೋಣೆ, ಮುರಿದ ಒಂದು ಕುರ್ಚಿ. ಅಲ್ಲಿ ಕೂತು ಮಗಳಿಗೆ ಹಾಲು ತೆಗೆಯುವಾಗ ದಿನಾ ಒಂದಿಷ್ಟು ಅಳುವುದು ನನ್ನ ರೂಢಿ. ಅವತ್ತು ಸ್ವಲ್ಪ ಹೆಚ್ಚೇ ಆಯಿತು. ಬಾಟಲಿ ಮುಚ್ಚಿ, ಮುಖ ಒರೆಸಿಕೊಂಡು ಬಂದು ಬಾಗಿಲಿಗೆ ಕಾರ್ಡು ಹಚ್ಚಿದೆ. ಕೆಂಪು ದೀಪ. ಮತ್ತೆ ಹಚ್ಚಿದೆ. ಕೆಂಪು. ಗೋಡೆಯ ಗಡಿಯಾರದಲ್ಲಿ ಐದು ಗಂಟೆ ಎರಡು ನಿಮಿಷ.

ಆಗ ಹೊಳೆಯಿತು. ಪ್ರೋಗ್ರಾಮಿನ ಪಟ್ಟಿಗೆ ಗುತ್ತಿಗೆಯವರ ಹೆಸರೆಲ್ಲ ಸೇರಿಸುವಾಗ, ಶಿಸ್ತಿಗೆ ಹೆಸರಾದ ನಾನು, ನನ್ನದನ್ನೂ ಸೇರಿಸಿದ್ದೆ.

ಫೋನು, ಚೀಲ, ಹಾಲಿನ ಐಸ್ ಡಬ್ಬ ಎಲ್ಲ ಒಳಗೆ. ಹೊರಗೆ ನಾನು ಮತ್ತು ಬೆಚ್ಚಗಿನ ಬಾಟಲಿ. ನಾನು ಬರೆದ ಪ್ರೋಗ್ರಾಮಿನಲ್ಲಿ ಒಂದಾದರೂ ತಪ್ಪಿರಲಿ ಎಂದು ಹನ್ನೊಂದು ಸಲ ಕಾರ್ಡು ಹಚ್ಚಿದೆ. ಒಂದೂ ಇರಲಿಲ್ಲ.

ಸದ್ದು ಕೇಳಿ ಸೆಕ್ಯುರಿಟಿಯವರು ಬಂದರು.

"ಅಣ್ಣಾ, ಸ್ವಲ್ಪ ತೆಗೀರಿ."

ಅವರು ಕೈಯಲ್ಲಿದ್ದ ಟ್ಯಾಬ್ ನೋಡಿದರು. "ನಿಮ್ಮ ಹೆಸರಿಲ್ಲ ಮೇಡಂ."

"ಬೆಳಿಗ್ಗೆ ನೀವೇ ಮಗು ಹೇಗಿದೆ ಅಂತ ಕೇಳಿದ್ರಲ್ಲ?"

"ಬೆಳಿಗ್ಗೆ ಇತ್ತು. ಈಗ ನೀವು ಇಲ್ಲ ಅಂತ ತೋರಿಸ್ತಿದೆ. ಹೊಸ ಸಿಸ್ಟಮ್ಮು ಮೇಡಂ. ಯಾರೋ ತುಂಬಾ ಬುದ್ಧಿವಂತರು ಮಾಡಿದಾರಂತೆ."

ಆ ಬುದ್ಧಿವಂತರು ಯಾರೆಂದು ಹೇಳುವ ಧೈರ್ಯ ನನಗಾಗಲಿಲ್ಲ. ಸೆಕ್ಯುರಿಟಿಯವರೇ ಸಾಹೇಬರಿಗೆ ಫೋನು ಮಾಡಿದರು. ಐದು ಇಪ್ಪತ್ತಕ್ಕೆ ಗಾಜಿನಾಚೆ ಸಾಹೇಬರು ಕಾಣಿಸಿಕೊಂಡರು. ಮುಖ ದೀಪದಂತೆ ಬೆಳಗುತ್ತಿತ್ತು. ಬಾಗಿಲು ತೆಗೆಯುವ ಬದಲು ಕೂಗಿದರು: "ಇನ್ನೊಂದ್ಸಲ ಹಚ್ಚಿ!"

ಹಚ್ಚಿದೆ. ಕೆಂಪು.

"ಆಹಾ! ಸೋಮವಾರ ಯಾರನ್ನಪ್ಪಾ ಹುಡುಕೋದು ಅಂತಿದ್ದೆ, ನೀವೇ ಸಿಕ್ಕಿಬಿಟ್ರಲ್ಲ!" ಎಂದು ಬಾಗಿಲು ತೆಗೆದು ಪರೀಕ್ಷೆಯ ಹಾಳೆ ಮುಂದೆ ಹಿಡಿದರು. "ಇಲ್ಲಿ ಪಾಸ್ ಅಂತ ಬರೆದು ಒಂದು ಸಹಿ ಹಾಕಿ."

ಫೇಲ್ ಎಂದು ಬರೆದಿದ್ದರೆ ಸೋಮವಾರಕ್ಕೆ ಕೆಲಸ ಉಳಿಯುತ್ತಿತ್ತು. ಪೆನ್ನು ಒಂದು ಕ್ಷಣ ತಡೆಯಿತು ಕೂಡ. ಆದರೆ ಅಷ್ಟು ಹೊತ್ತು ಬಾಗಿಲಾಚೆ ನಿಂತವಳು ಯಾವ ಮುಖ ಹೊತ್ತು ಫೇಲ್ ಎನ್ನಲಿ? ಪಾಸ್ ಎಂದು ಬರೆದೆ.

"ಸರ್, ನನ್ನ ರಿನ್ಯೂವಲ್?"

"ಅಯ್ಯೋ, ಆಯ್ತಲ್ಲ! ಇವರು ಫೋನ್ ಮಾಡಿದ ತಕ್ಷಣ ನಾನೇ ನಿಂತು ಸಹಿ ಹಾಕಿಸಿ ಪತ್ರಾನ ನಿಮ್ಮ ಫೋನಿಗೆ ಕಳಿಸ್ದೆ. ಮುಚ್ಚೋದು ಪಾಸ್. ಶುರುವಾಗೋ ದಿನಕ್ಕೆ ತೆರೆಯುತ್ತಾ ಅಂತ ಅದೊಂದು ನೋಡ್ಬೇಕು ತಾನೇ? ಸೋಮವಾರ ಒಂಬತ್ತಕ್ಕೆ ಬಂದ್ಬಿಡಿ."

ಅವರ ಕಾಲಿಗೆ ಬೀಳುವುದೊಂದು ಬಾಕಿ. ಚೀಲ ಎತ್ತಿಕೊಂಡು, ಫೋನಿನಲ್ಲಿ "ಶುರು: ಸೋಮವಾರ" ಎಂಬ ಸಾಲನ್ನು ಕಣ್ತುಂಬ ನೋಡಿಕೊಂಡು ಓಡಿದೆ. ಬಸ್ಸು ಸಿಗಲಿಲ್ಲ. ಮೂರು ಬೀದಿ ಓಡಿ, ಆರಕ್ಕೆ ನಾಲ್ಕು ನಿಮಿಷ ಇರುವಾಗ ಡೇಕೇರಿನ ಮೆಟ್ಟಿಲು ಹತ್ತಿ, ಉಸಿರಿಲ್ಲದೆ ಫೋನನ್ನು ಅಕ್ಕನ ಮೂಗಿಗೆ ಹಿಡಿದೆ.

ಅಕ್ಕ ಕನ್ನಡಕ ಏರಿಸಿದಳು. "ಶುರು, ಸೋಮವಾರ ಒಂಬತ್ತು ಗಂಟೆ. ಸರಿ." ಬೆರಳಿಂದ ಪರದೆ ಮೇಲೆ ಸರಿಸಿದಳು. ನಾನು ಸರಿಸಿರಲಿಲ್ಲ. "ಮುಗಿಯೋದು... ಸೋಮವಾರ, ಒಂಬತ್ತೂವರೆ."

ಒಳಗೆ ಯಾವುದೋ ಮಗು ತಟ್ಟೆ ಬಡಿಯುತ್ತಿತ್ತು.

"ಇದೇನಮ್ಮ, ಅರ್ಧ ಗಂಟೆ ನೌಕರಿ?"

"ಬಾಗಿಲು ತೆರೆಯುತ್ತಾ ಅಂತ ನೋಡೋಕೆ ಅಕ್ಕ" ಎಂದೆ.

ಅವಳು ಕೆಟ್ಟವಳಲ್ಲ. ಮಗಳನ್ನು ತಂದು ನನ್ನ ತೋಳಿಗೆ ಕೊಟ್ಟು, ಅವಳ ಬಟ್ಟೆ, ಗಿಲಕಿ, ಹೊದಿಕೆ ಎಲ್ಲವನ್ನೂ ಒಂದೊಂದಾಗಿ ಚೀಲಕ್ಕೆ ತುಂಬಿದಳು. "ಅರ್ಧ ಗಂಟೆಗೆಲ್ಲ ಸೀಟು ಯಾಕೆ ಹೇಳಿ? ಸೊಂಟದ ಮೇಲೆ ಕೂರಿಸ್ಕೊಂಡೇ ಹೋಗ್ಬಿಡಿ" ಎಂದಳು.

ಸೋಮವಾರ ಹಾಗೆಯೇ ಹೋದೆ. ಬಾಗಿಲು ಒಂಬತ್ತಕ್ಕೆ ತೆರೆಯಿತು, ಒಂಬತ್ತೂವರೆಗೆ ಮುಚ್ಚಿತು. ಎರಡಕ್ಕೂ ಪಾಸ್ ಎಂದು ನಾನೇ ಬರೆದೆ. ಮಗಳು ಪೆನ್ನು ಕಿತ್ತುಕೊಂಡು ನನ್ನ ಸಹಿಯ ಪಕ್ಕದಲ್ಲಿ ಒಂದು ಸೊಟ್ಟ ಗೀಟು ಎಳೆದಳು. ಸಾಹೇಬರು ಅದನ್ನು ಸಾಕ್ಷಿಯ ಸಹಿಯೆಂದು ಒಪ್ಪಿಕೊಂಡು ಫೈಲು ಮುಚ್ಚಿದರು.