ಚಾಂಪಿಯನ್ನರ ಕ್ಯಾನು

ಎಲ್ಲಕ್ಕೂ ಕಾರಣ ಒಂದು ಚೊಂಬು ಹಾಲು. ಅಂಜಿನಮ್ಮ ಅದನ್ನು ತನ್ನ ಗಂಡ ಮುನಿವೆಂಕಟಪ್ಪನವರ ಕೈಗೆ ಕೊಟ್ಟಿದ್ದೇ ತಡ, ರವಿಚಂದ್ರ ಚೇಳು ಕುಟುಕಿದವನಂತೆ ಎದ್ದು ನಿಂತ.

"ನಿಲ್ಸಿ ಆಟ! ನಂದು ಅಬ್ಜೆಕ್ಷನ್ನು!"

ಸಮೇತನಹಳ್ಳಿಗಿಂತ ಸ್ವಲ್ಪ ಈಚೆಗಿರುವ ಆ ಊರಿನಲ್ಲಿ ಹಾಲಿನ ಡೈರಿಯ ಜಗಲಿಯೇ ಚೆಸ್ಸಿನ ಅಖಾಡ. ಆರು ವರ್ಷದಿಂದ ಅಲ್ಲಿನ ಚಾಂಪಿಯನ್ ರವಿಚಂದ್ರ. ಆ ಪಟ್ಟಕ್ಕೆ ಕಪ್ಪಿಲ್ಲ, ಶಾಲಿಲ್ಲ. ಇರುವುದು ಒಂದೇ ಮರ್ಯಾದೆ: ಚಾಂಪಿಯನ್ನರ ಮನೆಯ ಕ್ಯಾನು ಕ್ಯೂ ನಿಲ್ಲುವ ಹಾಗಿಲ್ಲ, ಅದರ ಹಾಲನ್ನು ಮಷೀನಿಗೆ ಹಾಕಿ ಪರೀಕ್ಷೆ ಮಾಡುವ ಹಾಗೂ ಇಲ್ಲ. ಚಾಂಪಿಯನ್ನರನ್ನು ಅನುಮಾನಿಸಿದರೆ ಊರಿಗೇ ಅವಮಾನ ಎಂದು ಹಿರಿಯರು ಯಾವಾಗಲೋ ಮಾಡಿಟ್ಟ ಪದ್ಧತಿ.

ರವಿಚಂದ್ರನ ಹೆಂಡತಿ ಆಶಾರಾಣಿ ಮಧ್ಯಾಹ್ನವೇ ಎಚ್ಚರಿಸಿದ್ದಳು: "ಪಟ್ಟ ಹೋದ್ರೆ ನಾಳೆಯಿಂದ ನೀವೇ ಕ್ಯಾನ್ ಹೊತ್ಕೊಂಡು ಹೋಗಿ. ನಾನಂತೂ ಡೈರಿ ಕಡೆ ತಲೆ ಹಾಕಲ್ಲ."

ಪಟ್ಟ ಹೋಗುವ ಹಾಗೇ ಇತ್ತು. ಎದುರಿಗಿದ್ದ ಮುನಿವೆಂಕಟಪ್ಪನವರು ಅರವತ್ತೆಂಟರ ಪಳಗಿದ ಕೈ. ಆಗಲೇ ರವಿಚಂದ್ರನ ಒಂದು ಆನೆ ನುಂಗಿ ಕೂತಿದ್ದರು. ಆಟ ಕೈಕೊಟ್ಟಾಗ ರವಿಚಂದ್ರನಿಗೆ ಉಳಿದದ್ದು ಇತಿಹಾಸ. ವಿಶ್ವ ಪಟ್ಟದ ಪಂದ್ಯಗಳ ಕತೆಯನ್ನೆಲ್ಲ ಮೊಬೈಲಿನಲ್ಲಿ ಅರೆದು ಕುಡಿದಿದ್ದ.

ಮೊದಲು ಕುರ್ಚಿಗಳನ್ನು ತಲೆಕೆಳಗು ಮಾಡಿಸಿದ್ದ. "ಎಪ್ಪತ್ತೆರಡನೇ ಇಸವೀಲಿ ಕುರ್ಚಿಗೆ ಎಕ್ಸರೇ ತೆಗ್ಸಿದ್ರು ಗೊತ್ತಾ? ಲೈಟ್ ಬಿಚ್ಚಿದ್ರೆ ಎರಡು ಸತ್ತ ನೊಣ ಸಿಕ್ತು!"

"ನಮ್ ಡೈರೀಲಿ ಬದುಕಿರೋ ನೊಣಾನೇ ಇನ್ನೂರವೆ ಗುರು," ಅಂದಿದ್ದ ತೀರ್ಪುಗಾರ ಬೀರೇಶ್. "ಯಾವುದನ್ನ ಅಂತ ಹಿಡೀಲಿ?"

ಈಗ ಹಾಲಿನ ಸರದಿ.

"ಎಪ್ಪತ್ತೆಂಟರಲ್ಲಿ ಚಾಂಪಿಯನ್ನಿಗೆ ಆಟದ ಮಧ್ಯೆ ಮೊಸರು ಕೊಟ್ರು. ಅದ್ರಲ್ಲಿ ಗುಟ್ಟಿನ ಸೂಚನೆ ಇರ್ಬೋದು ಅಂತ ಎದುರಾಳಿ ಕಡೆಯೋರು ದೂರು ಕೊಟ್ರು! ಮೊಸರಿಗೇ ಹಂಗಾದ್ರೆ ಹಾಲಿಗೆ?"

ಅಂಜಿನಮ್ಮ ಸೊಂಟದ ಮೇಲೆ ಕೈಯಿಟ್ಟಳು. "ನನ್ ಗಂಡಂಗೆ ಹಾಲು ಕೊಡಾಕೂ ನಿನ್ನ ಕೇಳ್ಬೇಕೇನಪ್ಪಾ?"

"ಮಷೀನಿಗೆ ಹಾಕ್ಸಿ! ಅದ್ರಲ್ಲಿ ಏನೈತೆ ನೋಡೇಬಿಡಣ!"

ಸಂಜೆಯ ಹಾಲಿನ ಹೊತ್ತಾಗಿತ್ತು. ಕ್ಯಾನು ಹಿಡಿದವರ ಸಾಲು ಬೆಳೆದಿತ್ತು. ಆಶಾರಾಣಿಯೂ ಬಂದು ತನ್ನ ಕ್ಯಾನನ್ನು ಠೀವಿಯಿಂದ ಎಲ್ಲರಿಗಿಂತ ಮುಂದೆ ಇಟ್ಟಿದ್ದಳು. ಡೈರಿ ಸೆಕ್ರೆಟರಿ ರೂಪ ನಿಟ್ಟುಸಿರು ಬಿಟ್ಟು ಚೊಂಬಿನ ಹಾಲನ್ನು ಮಷೀನಿಗೆ ಹಾಕಿದಳು. "ಗಟ್ಟಿ ಹಾಲು. ಒಂದು ತೊಟ್ಟು ನೀರಿಲ್ಲ."

"ನ್ಯಾಯ ಅಂದ್ಮೇಲೆ ಇಬ್ಬರ ಮನೇದೂ ನೋಡ್ಬೇಕಲ್ವಾ?" ಅಂದ ಬೀರೇಶ್.

ಆಶಾರಾಣಿ ಓಡಿಬಂದು ಗಂಡನ ಅಂಗಿ ಜಗ್ಗಿದಳು. ಕಣ್ಣು ಹೊಡೆದಳು. ಕೆಮ್ಮಿದಳು. ರವಿಚಂದ್ರ ಎದೆಯುಬ್ಬಿಸಿದ. "ಹಾಕಮ್ಮಾ ರೂಪ! ನಾನೇ ಕೈಯಾರೆ ಕರೆದ ಹಾಲು!"

ಮಷೀನು ಗುಂಯ್ ಎಂದು ಸುತ್ತಿ ನಿಂತಿತು. ರೂಪ ಒಮ್ಮೆ ನೋಡಿದಳು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು.

"ನೂರಕ್ಕೆ ಮೂವತ್ತೆಂಟು ನೀರು."

ಇಡೀ ಸಾಲು ಹಾ ಎಂದು ಬಾಯಿಬಿಟ್ಟಿತು. ರವಿಚಂದ್ರ ತಾನೇ ಬಗ್ಗಿ ಮಷೀನಿನ ಅಂಕಿ ನೋಡಿದ. ಅಯ್ಯೋ ದೇವರೇ, ಆರು ವರ್ಷದಿಂದ ಊರಿಗೆಲ್ಲ ನೀರು ಕುಡಿಸಿದ ಮನೆ ತನ್ನದೇನಾ!

"ಲೇ ಆಶಾ... ಏನೇ ಇದು?"

"ನನ್ನೇನ್ ಕೇಳ್ತೀರಾ?" ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದು ಆಶಾರಾಣಿ ಸಿಡಿದಳು. "ಮೆದುಳು ಓಡ್ಬೇಕು ಅಂತ ಹೊತ್ತಿಗೆ ಎರಡು ಲೀಟರು ನೀವೇ ಕುಡೀತೀರಾ. ಕ್ಯಾನು ತುಂಬೋದು ಬೇಡ್ವಾ?"

ರೂಪ ಎದ್ದು ನಿಂತಳು. "ಎಲ್ರೂ ಕೇಳಿಸ್ಕೊಳಿ. ಚಾಂಪಿಯನ್ ಕ್ಯಾನು ಇನ್ಮೇಲೂ ಕ್ಯೂ ನಿಲ್ಲಲ್ಲ, ಮುಂದೇನೇ ಬರ್ಲಿ. ಆದ್ರೆ ಎರಡು ಹೊತ್ತೂ ಅದಕ್ಕೇ ಮೊದಲ ಪರೀಕ್ಷೆ. ಎಷ್ಟು ನೀರು ಅಂತ ಮೈಕಲ್ಲಿ ಕೂಗಿ ಹೇಳ್ತೀನಿ."

ರವಿಚಂದ್ರನಿಗೆ ಥಟ್ಟನೆ ಹೊಳೆಯಿತು. ಪಟ್ಟ ಹೋದರೆ ಮೈಕೂ ಹೋಗುತ್ತದೆ! ಅಬ್ಬಾ, ಸೋಲುವುದು ಇಷ್ಟು ಸುಲಭವಾಗಿರುವಾಗ ಚಿಂತೆ ಯಾಕೆ?

"ಎಪ್ಪತ್ತೈದರಲ್ಲಿ ಚಾಂಪಿಯನ್ನು ಆಟಕ್ಕೇ ಬರ್ಲಿಲ್ಲ, ಪಟ್ಟ ಎದುರಾಳಿಗೆ ಹೋಯ್ತು!" ಎಂದು ಚಪ್ಪಲಿ ಹುಡುಕತೊಡಗಿದ. "ನಾನೂ ಹೊರಟೆ. ಪಟ್ಟ ತಗೊಳಿ ಮುನಿವೆಂಕಟಪ್ಪಣ್ಣ, ನಿಮ್ದೇ!"

ಹಿಂದಿನಿಂದ ಟಪ್ ಎಂದು ಸದ್ದಾಯಿತು. ತಿರುಗಿ ನೋಡಿದರೆ, ಗೆಲ್ಲಲು ಎರಡೇ ನಡೆ ಬಾಕಿಯಿದ್ದ ಮುನಿವೆಂಕಟಪ್ಪನವರು ತಮ್ಮ ರಾಜನನ್ನು ತಾವೇ ಮಲಗಿಸಿಬಿಟ್ಟಿದ್ದರು.

"ನಾನು ಸೋತೆ ಕಣೋ."

"ಅಣ್ಣಾ! ಯಾಕಣ್ಣಾ?"

ಮುದುಕರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಪಟ್ಟ ಬಂದ್ರೆ ಮಷೀನಿಗೆ ಹಾಕಲ್ಲ, ನಾನೂ ಒಸಿ ನೀರು ಬೆರೆಸ್ಬೋದು ಅನ್ನೋ ಆಸೆಗೆ ಕಣಪ್ಪಾ ನಾನು ಆಡಾಕೆ ಕೂತಿದ್ದು. ಮೈಕಲ್ಲಿ ಕೂಗೋ ಪಟ್ಟ ಯಾವನಿಗೆ ಬೇಕು?"

"ರಾಜನ್ನ ಮಲಗಿಸಿದೋರು ಸೋತಂಗೆ," ಎಂದು ಬೀರೇಶ್ ರವಿಚಂದ್ರನ ಕೈಯೆತ್ತಿ ಹಿಡಿದ. "ಏಳನೇ ವರ್ಷವೂ ನಮ್ಮ ರವಿಚಂದ್ರನೇ ಚಾಂಪಿಯನ್!"

ಸಾಲಿನವರೆಲ್ಲ ಕ್ಯಾನು ಬಡಿದು ಚಪ್ಪಾಳೆ ತಟ್ಟಿದರು. ಆಶಾರಾಣಿ ಬಂದು ಗಂಡನ ಕೈಗೆ ಕ್ಯಾನಿನ ಹಿಡಿ ಸಿಕ್ಕಿಸಿದಳು.

"ನಾಳೆಯಿಂದ ಎರಡು ಹೊತ್ತೂ ಚಾಂಪಿಯನ್ನರೇ ಹೊತ್ಕೊಂಡ್ ಬರ್ಲಿ. ಮೈಕಲ್ಲಿ ನಿಮ್ಮ ಹೆಸರೇ ತಾನೇ ಕೂಗೋದು?"